ಎಲುಬಿಗೆ ಹೆಸರಿಡುವ ಮುನ್ನ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ; ಅದರಂತೆ ನಡೆಯುವವರೆಷ್ಟು ಮಂದಿ ಎಂಬುದು ಬೇರೆ ಮಾತು. ಆ ಗಾದೆಯನ್ನು ನೆನೆಯುವ ಸಂದರ್ಭವೊಂದು ಕಳೆದ ವಾರ ನಮಗೆ ಒದಗಿತು. ಉಪನಗರದ ಹೋಟೆಲೊಂದರಲ್ಲಿ ಮಾಣಿಯಾಗಿರುವ ತರುಣನೊಬ್ಬನು ವಾರದ ರಜೆಯ ದಿನ ಗೆಳೆಯರೊಡನೆ ಸಮುದ್ರದಂಡೆಗೆ ಹೋಗಿದ್ದಾಗ, ಮರಳಿನಲ್ಲಿ ಅರ್ಧ ಹೂತಿದ್ದ ಚೂರೊಂದನ್ನು ಕಂಡನಂತೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಮರುದಿನ ನಮ್ಮ ಕಚೇರಿಯ ಮೆಟ್ಟಿಲೇರಿ, "ಇದು ಮಗುವಿನ ತಲೆಬುರುಡೆಯಲ್ಲವೇ ಸಾರ್? ಪೇಪರಿನಲ್ಲಿ ಹಾಕಿ" ಎಂದನು. ನಾವು ಚಿತ್ರವನ್ನು ನೋಡಿದೆವು. ಅಂಗೈಯಗಲದ, ತುಸು ಬಾಗಿದ, ಕಂದುಬಣ್ಣದ ಒಂದು ಚೂರು. ಹಲ್ಲಿಲ್ಲ, ದವಡೆಯಿಲ್ಲ, ಕಣ್ಣಿನ ಗುಳಿಯಿಲ್ಲ. "ಇದು ಏನೆಂದು ಈ ಚಿತ್ರದಿಂದ ಹೇಳಲಾಗದು, ತಮ್ಮಾ" ಎಂದೆವು. ಅವನ ಮುಖ ಬಾಡಿತು. ಅಷ್ಟರಲ್ಲಾಗಲೇ ಆ ಚಿತ್ರವು 'ಮಗುವಿನ ತಲೆಬುರುಡೆ' ಎಂಬ ಹೆಸರನ್ನು ಹೊತ್ತು ಅವನ ಊರಿನವರ ವಾಟ್ಸಾಪ್ ಗುಂಪುಗಳಲ್ಲಿ ಸಂಚರಿಸಿ, ಯಾರ ಮಗು, ಕೊಂದವರಾರು ಎಂಬ ವಿಚಾರಣೆಯೂ ಮುಗಿಯುತ್ತ ಬಂದಿತ್ತು!

ಈ ಪ್ರಸಂಗವನ್ನು ನಕ್ಕು ಮರೆಯಲು ನಮ್ಮಿಂದಾಗಲಿಲ್ಲ. ಏಕೆಂದರೆ ಇಂಥದೇ ಒಂದು ಎಲುಬಿನ ಎದುರಿನಲ್ಲಿ ನಾವೇ ಒಮ್ಮೆ ಅಪರಾಧಿಗಳಾಗಿ ನಿಂತಿದ್ದೇವೆ. ಲೇಖನಿ ಹಿಡಿಯುವುದಕ್ಕೆ ಮೊದಲು, ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದ ಕಾಲದ ಕಥೆಯದು. ಅದನ್ನು ಬಹಿರಂಗವಾಗಿ ಹೇಳಿಕೊಳ್ಳಲು ನಮಗೆ ಸಂಕೋಚವಿದೆ. ಆದರೆ ಪರರ ತಪ್ಪನ್ನು ದಿನಬೆಳಗಾದರೆ ಅಚ್ಚುಮಾಡುವ ಪತ್ರಿಕೆಯು ತನ್ನ ತಪ್ಪನ್ನು ಮುಚ್ಚಿಟ್ಟುಕೊಳ್ಳುವುದು ನ್ಯಾಯವಲ್ಲವೆಂದು ತಿಳಿದು ಹೇಳುತ್ತಿದ್ದೇವೆ.

ಅದು 2014ರ ಮಳೆಗಾಲ. ನಮ್ಮ ಹೋಟೆಲಿನ ಅಡಿಗೆಮನೆಯ ಹಿಂದೆ, ಎರಡು ಕಟ್ಟಡಗಳ ನಡುವೆ, ಮುಂಬಯಿಯವರು ಹೌಸ್ ಗಲ್ಲಿ ಎಂದು ಕರೆಯುವ ಇಕ್ಕಟ್ಟಾದ ಓಣಿಯೊಂದಿತ್ತು. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಗಿನ ಜಾವ, ಇಡ್ಲಿಯ ಹಬೆ ಏಳುವ ಹೊತ್ತಿಗೆ ಹಿಂದಿನ ಬಾಗಿಲನ್ನು ತೆರೆದ ಭಟ್ಟರ ಕಾಲಬಳಿಯಲ್ಲಿಯೇ ಒಂದು ಎಲುಬು ಬಿದ್ದಿತ್ತು. ಮುರಿದ ತಲೆಬುರುಡೆಯ ತುಂಡು. ಒಂದು ಕಣ್ಣಿನ ಗುಳಿ. ಅದರ ಕೆಳಗೆ ಸಾಲಾಗಿ ನಾಲ್ಕು ಹಲ್ಲು. ಅದಕ್ಕೆ ಒಂದಿಷ್ಟು ಕೆಂಪು ಹತ್ತಿಕೊಂಡಿತ್ತು. ನಮ್ಮದು ಶುದ್ಧ ಸಸ್ಯಾಹಾರದ ಹೋಟೆಲು. ಎಲುಬೆಂಬ ವಸ್ತುವು ಆ ಹೊಸ್ತಿಲಿನ ಬಳಿ ಬರಬೇಕಾದ ಕಾರಣವೇ ಇರಲಿಲ್ಲ. ಒಬ್ಬನು ಮಂಗನದೆಂದನು, ಇನ್ನೊಬ್ಬನು ಎಳೆಮಗುವಿನದೆಂದನು. ಭಟ್ಟರು ಮಾತ್ರ ಮೆಲ್ಲಗೆ, "ಇದು ಮಾಟ" ಎಂದರು. ಆ ಒಂದು ಶಬ್ದ ಬಿದ್ದದ್ದೇ ತಡ, ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದ ಹಾಗೆ, ಮಾಡಿಸಿದವನು ಯಾರೆಂಬ ಹುಡುಕಾಟ ಪ್ರಾರಂಭವಾಯಿತು. ಕೆಂಪು ಕುಂಕುಮವಾಯಿತು, ಬಿದ್ದದ್ದು ಇಟ್ಟದ್ದಾಯಿತು.

ಮೋರಿಯಲ್ಲಿ ಪಾತ್ರೆ ತೊಳೆಯಲು ಬಾಗಲಕೋಟೆಯ ಕಡೆಯಿಂದ ಬಂದ ಇಪ್ಪತ್ತು ವರ್ಷದ ಹುಡುಗನೊಬ್ಬನಿದ್ದನು. ಕುರಿ ಕಾಯುವ ಮನೆತನದವನು. ಬಂದು ನಾಲ್ಕು ತಿಂಗಳಾಗಿತ್ತು. ಎರಡು ದಿನಗಳ ಹಿಂದೆ ರಜೆಯ ವಿಷಯವಾಗಿ ಭಟ್ಟರಿಗೂ ಅವನಿಗೂ ಮಾತಿಗೆ ಮಾತು ಬೆಳೆದಿತ್ತು. ಎಲ್ಲರ ಕಣ್ಣೂ ಅವನ ಮೇಲೆ ತಿರುಗಿದವು. ಅವನೋ, ಕೈಯ ಬೂದಿಯನ್ನು ಒರಸಿಕೊಳ್ಳುತ್ತ ಬಂದು, ಬಗ್ಗಿ ನೋಡಿ, "ಇದು ಆಡಿನ ಮ್ಯಾಲಿನ ದವಡಿ ಐತ್ರೀ ಧಣ್ಯಾರ. ಕುರೀದಾಗಿದ್ರ ಕಣ್ಣಿನ ಮುಂದ ಒಂದು ಕುಣಿ ಇರತಿತ್ತು, ಇದಕ್ಕ ಇಲ್ಲ ನೋಡ್ರಿ" ಎಂದನು.

ಆ ಮಾತನ್ನು ನಾವು ಕೇಳಬೇಕಾಗಿತ್ತು. ಕೇಳಲಿಲ್ಲ. "ಎಲುಬಿನ ವಿಷಯ ಇಷ್ಟು ಬಲ್ಲವನೇ ಎಲುಬನ್ನು ತಂದಿಟ್ಟವನು" ಎಂದು ಭಟ್ಟರು ತೀರ್ಪಿತ್ತರು. ನಾವು ಅದಕ್ಕೆ ತಲೆದೂಗಿದೆವು. ಆ ದಿನದ ತರ್ಕವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅವನ ತಿಳಿವಳಿಕೆಯೇ ಅವನ ಮೇಲಿನ ಸಾಕ್ಷ್ಯವಾಯಿತು! ಭಟ್ಟರು ಅಡಿಗೆ ಬಿಟ್ಟು ಹೊರಟರೆ ಹೋಟೆಲು ನಿಲ್ಲುತ್ತದೆ, ಮೋರಿಯ ಹುಡುಗನು ಹೊರಟರೆ ನಿಲ್ಲುವುದಿಲ್ಲವೆಂಬ ಲೆಕ್ಕವೂ ನಮ್ಮ ಮನಸ್ಸಿನಲ್ಲಿ ಇದ್ದಿರಲಿಲ್ಲವೆಂದು ಹೇಳಲಾರೆವು. ಸಂಜೆಯೊಳಗೆ ಗಂಟು ಕಟ್ಟಿಕೊಳ್ಳೆಂದು ಅವನಿಗೆ ಹೇಳಿಬಿಟ್ಟೆವು.

ನಾಲ್ಕು ಗಂಟೆಗೆ, ಪರೇಲಿನ ಪಶುವೈದ್ಯ ಕಾಲೇಜಿನಲ್ಲಿ ಓದುತ್ತಿದ್ದ, ನಿತ್ಯವೂ ನಮ್ಮಲ್ಲಿ ಕಾಫಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಬಂದನು. ಎಸ್.ಎಸ್.ಎಲ್.ಸಿ.ಗೆ ನಿಂತ ವಿದ್ಯೆ ನಮ್ಮದು. ಇಂಥ ವಿಷಯವನ್ನು ಅವನಲ್ಲಿ ಕೇಳಲು ನಾಚಿಕೆಪಡಲಿಲ್ಲ. ಆ ಎಲುಬನ್ನು ಕಾಗದದ ಮೇಲಿಟ್ಟು, ಕಡ್ಡಿಯ ತುದಿಯಿಂದ ತೋರಿಸುತ್ತ ಅವನು ಹೇಳಿದ್ದನ್ನು ನಾವು ಮರೆತಿಲ್ಲ.

ಮೊದಲು ಹಲ್ಲನ್ನು ನೋಡಬೇಕೆಂದನು. ಆಡು, ಕುರಿ, ದನ, ಎಮ್ಮೆ ಮೊದಲಾದ ಮೆಲುಕುಹಾಕುವ ಪ್ರಾಣಿಗಳ ದವಡೆಹಲ್ಲಿನ ಮೇಲೆ ಅರ್ಧಚಂದ್ರದಾಕಾರದ ಏಣುಗಳಿರುತ್ತವೆ. ಹುಲ್ಲನ್ನು ಅರೆಯುವ ಬೀಸುಗಲ್ಲು ಅದು. ಅವುಗಳ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳೇ ಇರುವುದಿಲ್ಲ, ಗಟ್ಟಿಯಾದ ಒಸಡು ಮಾತ್ರ. ಮುಂಭಾಗಕ್ಕೂ ದವಡೆಹಲ್ಲುಗಳಿಗೂ ನಡುವೆ ಬರಿದಾದ ಎಡೆಯಿರುತ್ತದೆ. ನಾಯಿಗಾದರೆ ಒಟ್ಟು 42 ಹಲ್ಲು. ಬೆಕ್ಕಿಗೂ ಚಿರತೆಗೂ 30. ಇವುಗಳ ಕೋರೆಹಲ್ಲು ಉದ್ದ, ದವಡೆಹಲ್ಲುಗಳು ಕತ್ತರಿಯ ಅಲಗಿನಂತೆ ಹರಿತ. ಮನುಷ್ಯನ 32 ಹಲ್ಲುಗಳಲ್ಲಿ ದವಡೆಹಲ್ಲಿನ ತಲೆಯು ಗುಂಡಗಿನ ಗುಬುಟುಗಳುಳ್ಳದ್ದು. ಕೋರೆಹಲ್ಲು ನೆರೆಯ ಹಲ್ಲುಗಳಿಗಿಂತ ಹೆಚ್ಚು ಉದ್ದವಿಲ್ಲ. ಮಂಗನಿಗೂ 32 ಹಲ್ಲುಗಳೇ. ಆದರೆ ಕೋರೆಹಲ್ಲು ಎದ್ದು ಕಾಣುತ್ತದೆ. ಹಂದಿಯದು ಮೋಸದ ಹಲ್ಲು: ಅದರ ದವಡೆಹಲ್ಲಿನ ಗುಬುಟುಗಳು ಮನುಷ್ಯನ ಹಲ್ಲನ್ನು ಹೋಲುವುದರಿಂದ ತಿಳಿದವರೂ ಒಮ್ಮೊಮ್ಮೆ ತಡವರಿಸುತ್ತಾರೆ.

ಎರಡನೆಯದಾಗಿ ಕಣ್ಣಿನ ಗುಳಿ. ನಾಯಿಗೂ ಬೆಕ್ಕಿಗೂ ಗುಳಿಯ ಸುತ್ತಣ ಎಲುಬಿನ ಬಳೆ ಹಿಂಬದಿಯಲ್ಲಿ ಪೂರ್ತಿ ಕೂಡಿರುವುದಿಲ್ಲ. ಆಡು, ದನಗಳಲ್ಲಿ ಬಳೆ ಕೂಡಿರುತ್ತದೆ. ಆದರೆ ಅದರ ಹಿಂದೆ ಗೋಡೆಯಿಲ್ಲ. ಮನುಷ್ಯನಿಗೂ ಮಂಗನಿಗೂ ಬಳೆಯ ಜೊತೆಗೆ ಹಿಂಬದಿಯ ಗೋಡೆಯೂ ಉಂಟು. ಮೂರನೆಯದಾಗಿ ಮುರಿದ ಅಂಚು. ನಮ್ಮ ಎಲುಬಿನ ಒಂದು ಅಂಚು ಕತ್ತಿಯಿಂದ ಕೊಚ್ಚಿದಂತೆ ನೆಟ್ಟಗಿತ್ತು. ಇನ್ನೊಂದು ಅಂಚಿನಲ್ಲಿ ನಾಯಿಯೋ ಇಲಿಯೋ ಕಡಿದ ಗುರುತುಗಳಿದ್ದವು. ಅಂದರೆ ಅದು ಮಾಂಸದ ಅಂಗಡಿಯಿಂದ ಕಸದ ತೊಟ್ಟಿಗೆ, ತೊಟ್ಟಿಯಿಂದ ಗಲ್ಲಿಗೆ, ಗಲ್ಲಿಯ ನೀರಿನೊಡನೆ ನಮ್ಮ ಹೊಸ್ತಿಲಿಗೆ ಬಂದದ್ದು. ಕೆಂಪು ಯಾವುದೆಂದರೆ, ಪಕ್ಕದ ಕಟ್ಟಡದ ದುರಸ್ತಿಗೆಂದು ರಾಶಿ ಹಾಕಿದ್ದ ಇಟ್ಟಿಗೆಯ ಪುಡಿ.

ಕಡೆಗೆ ಆ ವಿದ್ಯಾರ್ಥಿಯು, "ಆಡಿನದೇ, ಕುರಿಯದಾಗಿದ್ದರೆ ಕಣ್ಣಿನ ಮುಂದೆ ಇಲ್ಲೊಂದು ತಗ್ಗಿರುತ್ತಿತ್ತು" ಎಂದನು. ಬೆಳಿಗ್ಗೆ ಮೋರಿಯ ಹುಡುಗನು ಆಡಿದ ಮಾತು, ಅಕ್ಷರ ಬಿಡದಂತೆ! ಒಬ್ಬನು ಕಾಲೇಜಿನಲ್ಲಿ ಕಲಿತದ್ದನ್ನು ಇನ್ನೊಬ್ಬನು ಹಟ್ಟಿಯಲ್ಲಿ ಕಲಿತಿದ್ದನು. ಕಾಲೇಜಿನವನು ಹೇಳಿದಾಗ ನಾವು ನಂಬಿದೆವು. ಹಟ್ಟಿಯವನು ಹೇಳಿದಾಗ ಗಂಟು ಕಟ್ಟಿಸಿದೆವು.

ನಾವು ಹುಡುಗನ ಬಳಿಗೆ ಹೋಗಿ ತಪ್ಪಾಯಿತೆಂದೆವು. "ಇರಲಿ ಬಿಡ್ರಿ ಧಣ್ಯಾರ" ಎಂದನು. ಆದರೆ ಕಟ್ಟಿದ ಗಂಟನ್ನು ಬಿಚ್ಚಲಿಲ್ಲ. ಲೆಕ್ಕದ ಪಗಾರವನ್ನು ಪಡೆದು ಆ ರಾತ್ರಿಯೇ ಊರಿಗೆ ಹೊರಟುಹೋದನು. ಮಾಟದವನೆಂಬ ಹೆಸರು ಒಮ್ಮೆ ಬಿದ್ದ ಮೇಲೆ ಅದೇ ಕೋಣೆಯಲ್ಲಿ, ಅದೇ ಹನ್ನೆರಡು ಮಂದಿಯ ನಡುವೆ ಚಾಪೆ ಹಾಸಿ ಮಲಗುವುದು ಹೇಗೆ ಸಾಧ್ಯ? ಎಲುಬಿನ ಹೆಸರನ್ನು ತಿದ್ದಬಹುದು. ಮನುಷ್ಯನಿಗೆ ಅಂಟಿಸಿದ ಹೆಸರನ್ನು ತಿದ್ದುವುದು ಅಷ್ಟು ಸುಲಭವಲ್ಲ.

ಇದು ಕೇವಲ ಅಲ್ಪವಿದ್ಯರಾದ ನಮ್ಮಂಥವರ ತಪ್ಪೆಂದು ಯಾರೂ ತಿಳಿಯಬಾರದು. ಬ್ರಿಟನ್ನಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಜೆರ್ಸಿ ಎಂಬ ಸಣ್ಣ ದ್ವೀಪವುಂಟು. ಅಲ್ಲಿ ಹಿಂದೆ ಮಕ್ಕಳ ಆಶ್ರಮವಾಗಿದ್ದ ಓ ದ ಲಾ ಗರೆನ್ ಎಂಬ ಕಟ್ಟಡದಲ್ಲಿ ಮಕ್ಕಳಿಗೆ ಹಿಂಸೆಯಾಗಿತ್ತೆಂಬ ದೂರಿನ ಮೇಲೆ ಪೋಲೀಸರು ತನಿಖೆ ನಡೆಸಿ, 2008ರ ಫೆಬ್ರವರಿಯಲ್ಲಿ ನೆಲವನ್ನು ಅಗೆದಾಗ ಒಂದು ಚೂರು ದೊರಕಿತು. ಅದು ಮಗುವಿನ ತಲೆಬುರುಡೆಯ ಭಾಗವೆಂಬ ಸುದ್ದಿಯು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಅದನ್ನು ಆಕ್ಸ್‌ಫರ್ಡಿನ ಪ್ರಯೋಗಾಲಯಕ್ಕೆ ಕಳುಹಿದಾಗ ಅದು ಎಲುಬೇ ಅಲ್ಲವೆಂಬ ಸಂದೇಹ ಎದ್ದಿತು. ಮರದ ಚೂರೋ ತೆಂಗಿನ ಚಿಪ್ಪೋ ಇದ್ದೀತೆಂಬ ಅಭಿಪ್ರಾಯ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ, ಅಲ್ಲಿ ಮಕ್ಕಳ ಕೊಲೆ ನಡೆದಿತ್ತೆಂಬುದಕ್ಕೆ ಆಧಾರವಿಲ್ಲವೆಂದು ಪೋಲೀಸರೇ ಪ್ರಕಟಿಸಬೇಕಾಯಿತು. ದಿನಕ್ಕೆ ನೂರು ಕಾಯಿ ಒಡೆಯುವ ನಮ್ಮ ಹೋಟೆಲಿನ ಹುಡುಗರು ಇದನ್ನು ಕೇಳಿದರೆ ನಕ್ಕಾರು.

ಆದರೆ ಇದರಲ್ಲಿ ನಗುವಂಥದೇನೂ ಇಲ್ಲ. ಏಕೆಂದರೆ ಆ ದ್ವೀಪದ ಆಶ್ರಮಗಳಲ್ಲಿ ಮಕ್ಕಳಿಗೆ ಹಿಂಸೆಯಾಗಿದ್ದುದು ನಿಜ. 2017ರಲ್ಲಿ ಹೊರಬಂದ ಸ್ವತಂತ್ರ ವಿಚಾರಣಾ ವರದಿಯು ಅದನ್ನು ದಾಖಲಿಸಿತು. ಸುಳ್ಳು ಬುರುಡೆಯೊಂದು ನಡುವೆ ಬಂದುದರಿಂದ, ನಿಜವಾಗಿ ನೊಂದವರ ಮಾತನ್ನೂ ಜನರು ಸಂದೇಹದಿಂದ ನೋಡಲು ಆಸ್ಪದವಾಯಿತು. ಅವಸರದ ಹೆಸರು ನಿರಪರಾಧಿಯನ್ನು ಹಾಳುಮಾಡುವುದಷ್ಟೇ ಅಲ್ಲ, ಅಪರಾಧಿಗೂ ನೆರಳು ಕೊಡುತ್ತದೆ. ಇದನ್ನು ನಮ್ಮ ತರುಣರು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ವಿದ್ವಾಂಸರ ಮಾತು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ದೊರೆತ ಬುರುಡೆಯ ಚೂರುಗಳು ಆದಿಮಾನವನವೆಂದು ಪಂಡಿತರು ಸಾರಿದರು. ಅದು ಮನುಷ್ಯನ ಬುರುಡೆಗೆ ಒರಾಂಗುಟಾನ್ ಎಂಬ ವಾನರನ ದವಡೆಯನ್ನು ಸೇರಿಸಿ, ಹಲ್ಲನ್ನು ಅರದಿಂದ ಉಜ್ಜಿ, ಬಣ್ಣ ಬಳಿದು ಮಾಡಿದ ಮೋಸವೆಂಬುದು ಬಯಲಾದದ್ದು 1953ರಲ್ಲಿ. 41 ವರ್ಷಗಳ ಕಾಲ ಅರದ ಗುರುತು ಆ ಹಲ್ಲಿನ ಮೇಲೆಯೇ ಇತ್ತು. ತಮ್ಮ ನಾಡಿನಲ್ಲಿಯೇ ಆದಿಮಾನವನು ಸಿಗಬೇಕೆಂಬ ಆಸೆಯುಳ್ಳವರಿಗೆ ಅದು ಕಾಣಲಿಲ್ಲ. ಭಟ್ಟರಿಗೆ ಮಾಟ ಬೇಕಾಗಿತ್ತು, ಮಾಟ ಕಂಡಿತು. ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಹಾಗಾದರೆ ಹೊರಗೆ ಬಯಲಿನಲ್ಲಿ, ಕಡಲದಂಡೆಯಲ್ಲಿ, ಗಲ್ಲಿಯಲ್ಲಿ ಬುರುಡೆಯ ಚೂರೊಂದು ಕಂಡಾಗ ನಾವು ಮಾಡಬೇಕಾದುದೇನು?

ಮೊದಲನೆಯದು, ಅದನ್ನು ಎತ್ತಬಾರದು. ವಸ್ತುವಿನ ಅರ್ಧ ಕಥೆ ವಸ್ತುವಿನಲ್ಲಿದ್ದರೆ ಇನ್ನರ್ಧ ಅದು ಬಿದ್ದ ಜಾಗದಲ್ಲಿರುತ್ತದೆ. 1982ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೋನಕಿಯಾ ಅವರು ಮಧ್ಯಪ್ರದೇಶದ ಹಥ್ನೋರಾ ಗ್ರಾಮದ ಬಳಿ ನರ್ಮದೆಯ ದಂಡೆಯಲ್ಲಿ ಪ್ರಾಚೀನ ಮಾನವನ ಬುರುಡೆಯ ಭಾಗವೊಂದನ್ನು ಕಂಡರು. ಅದು ಯಾವ ಪದರದ ಜಲ್ಲಿಯಲ್ಲಿತ್ತು, ಜೊತೆಯಲ್ಲಿ ಏನೇನಿತ್ತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಕಿಸೆಯಲ್ಲಿ ಹಾಕಿಕೊಂಡು ಬಂದಿದ್ದರೆ ಅದು ಬರಿಯ ಎಲುಬಾಗುತ್ತಿತ್ತು.

ಎರಡನೆಯದು, ಕಂಡಷ್ಟನ್ನೇ ಹೇಳಬೇಕು. ಪಕ್ಕದಲ್ಲಿ ನಾಣ್ಯವನ್ನೋ ಲೇಖನಿಯನ್ನೋ ಇಟ್ಟು, ಎಲ್ಲ ಬದಿಗಳಿಂದ ಚಿತ್ರ ತೆಗೆಯಬಹುದು; ಗಾತ್ರ ತಿಳಿಯುತ್ತದೆ. ಹಲ್ಲಿದ್ದರೆ ಹಲ್ಲಿನ ತಲೆಯ ಚಿತ್ರ ಮುಖ್ಯ. ಬರಿಯ ಬಾಗಿದ ಚೂರಾದರೆ ಅದರ ಮುರಿದ ಅಂಚನ್ನು ನೋಡಿರಿ. ಬೆಳೆದ ಮನುಷ್ಯನ ತಲೆಯೆಲುಬಿನಲ್ಲಿ ಮೇಲೊಂದು, ಕೆಳಗೊಂದು ಗಟ್ಟಿ ಪದರವಿದ್ದು ನಡುವೆ ಬ್ರೆಡ್ಡಿನಂತೆ ರಂಧ್ರಮಯವಾದ ಪದರವಿರುತ್ತದೆ. ತೆಂಗಿನ ಚಿಪ್ಪು ಒಳಗೂ ಹೊರಗೂ ಒಂದೇ ತೆರ, ನಾರಿನ ಗುರುತುಳ್ಳದ್ದು. ಆಮೆಯ ಚಿಪ್ಪಿನ ತುಂಡೂ ಬುರುಡೆಯೆಂದು ಭ್ರಮೆ ಹುಟ್ಟಿಸುವುದುಂಟು. ಆದರೆ ಎಳೆಮಗುವಿನ ತಲೆಯೆಲುಬು ಬಹು ತೆಳು, ಬಿಡಿಬಿಡಿ; ಅದನ್ನು ಪರಿಣತರಲ್ಲದೆ ಬೇರೆಯವರು ಗುರುತಿಸಲಾರರು. ಆದುದರಿಂದ ಹಲ್ಲಿಲ್ಲದ ಚೂರಿನ ವಿಷಯದಲ್ಲಿ 'ಮನುಷ್ಯನದು' ಎಂಬುದು ಎಷ್ಟು ಅವಸರವೋ 'ಮನುಷ್ಯನದಲ್ಲ' ಎಂಬುದೂ ಅಷ್ಟೇ ಅವಸರ. ತಿಳಿಯದೆಂದು ಹೇಳುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ಮೂರನೆಯದು, ಬಲ್ಲವರನ್ನು ಕೇಳಬೇಕು. ಈ ಮುಂಬಯಿಯಲ್ಲಿಯೇ 1886ರಿಂದ ಪಶುವೈದ್ಯ ಕಾಲೇಜಿದೆ; 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪ್ರಾಣಿಸಂಗ್ರಹವಿದೆ. ಪುಣೆಯಲ್ಲಿರುವವರಿಗೆ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರವಿದೆ. ಅಷ್ಟು ದೂರ ಹೋಗುವ ಮೊದಲು ನಮ್ಮ ನಡುವೆಯೇ ಇರುವ ಕುರಿ ಕಾದವರನ್ನು, ದನ ಮೇಯಿಸಿದವರನ್ನು ಕೇಳಿ ನೋಡಿರಿ. ಪಾತ್ರೆ ತೊಳೆಯುವ ಕೈಗೆ ಬೇರೊಂದು ವಿದ್ಯೆ ತಿಳಿದಿರಬಹುದೆಂಬ ವಿಚಾರ ಗಲ್ಲಾದ ಮೇಲೆ ಕುಳಿತವರಿಗೆ ಬೇಗನೆ ಹೊಳೆಯುವುದಿಲ್ಲ, ನಮಗೂ ಹೊಳೆಯಲಿಲ್ಲ.

ನಾಲ್ಕನೆಯದು ಕಾನೂನು. ಮನುಷ್ಯನದಿರಬಹುದೆಂಬ ಸಂದೇಹ ಲೇಶವಾದರೂ ಇದ್ದರೆ ಅದನ್ನು ಮುಟ್ಟದೆ 112ಕ್ಕೆ ಫೋನು ಮಾಡಿ ಪೋಲೀಸರಿಗೆ ತಿಳಿಸಬೇಕು. ಚಿರತೆಯಂಥ ಕಾಡುಪ್ರಾಣಿಯದಾದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಸರಕಾರದ ಸೊತ್ತು. ಕೈಗೆ ಬಂದ 48 ಗಂಟೆಗಳೊಳಗೆ ಪೋಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸುವುದು ಕರ್ತವ್ಯ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿಯೂ ಆರೇ ಕಾಲೊನಿಯ ಸುತ್ತಲೂ ಚಿರತೆಗಳು ಓಡಾಡುತ್ತವೆಂಬುದನ್ನು ಅಲ್ಲಿಗೆ ತಿರುಗಾಡಲು ಹೋಗುವ ನಮ್ಮ ತರುಣರು ಬಲ್ಲರು. ಕೋರೆಹಲ್ಲು ಸಿಕ್ಕಿತೆಂದು ಕೊರಳಿಗೆ ಕಟ್ಟಿಕೊಂಡರೆ ಆಗುವುದೇನೆಂಬುದನ್ನು, 2023ರಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕಗಳ ವಿಷಯವಾಗಿ ಎದ್ದ ಗದ್ದಲವನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಮಾಟದ ಮಾತು: ಮಹಾರಾಷ್ಟ್ರದ 2013ರ ನರಬಲಿ ಮತ್ತು ಮಾಟಮಂತ್ರ ನಿಷೇಧದ ಕಾಯಿದೆಯ ಪ್ರಕಾರ, ಇಂಥವನು ಕರಣಿ ಮಾಡುತ್ತಾನೆಂದು ಜನರನ್ನು ನಂಬಿಸುವುದೇ ಅಪರಾಧ, 6 ತಿಂಗಳಿನಿಂದ 7 ವರ್ಷಗಳವರೆಗೆ ಸೆರೆಮನೆವಾಸವನ್ನು ಅದು ವಿಧಿಸುತ್ತದೆ. ಕರ್ನಾಟಕವೂ 2017ರಲ್ಲಿ ಮೂಢನಂಬಿಕೆಯ ಅಮಾನವೀಯ ಆಚರಣೆಗಳ ವಿರುದ್ಧ ಕಾಯಿದೆ ಮಾಡಿದೆ. 2014ರಲ್ಲಿ ಆ ಹುಡುಗನು ಠಾಣೆಯ ಮೆಟ್ಟಿಲನ್ನೇರಿದ್ದರೆ ತಲೆತಗ್ಗಿಸಿ ನಿಲ್ಲಬೇಕಾಗಿದ್ದವರು ಭಟ್ಟರೂ ನಾವೂ, ಅವನಲ್ಲ.

"ಪೋಲೀಸರಿಗೆ ಹೇಳಿದರೆ ಹೇಳಿದವನನ್ನೇ ಕೂಡಿಸಿಕೊಳ್ಳುತ್ತಾರೆ, ಪರಸ್ಥಳದವರಾದ ನಮಗೇಕೆ ಈ ಉಸಾಬರಿ?" ಎಂದು ನಮ್ಮ ಕಾರ್ಮಿಕ ಬಂಧುಗಳು ಕೇಳುವುದುಂಟು. ಈ ಹೆದರಿಕೆಯನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಭಾಷೆ ಸರಿಯಾಗಿ ಬಾರದ, ಇರಲು ಹೋಟೆಲಿನ ಅಟ್ಟವಲ್ಲದೆ ಬೇರೆ ವಿಳಾಸವಿಲ್ಲದ ಹುಡುಗನು ಠಾಣೆಗೆ ಒಬ್ಬನೇ ಹೋಗಲು ಅಂಜುವುದು ಸಹಜವೇ ಆಗಿದೆ. ಇಲ್ಲಿಯೇ ಮಾಲೀಕರ ಹೊಣೆ ಬರುತ್ತದೆ. ದುಡಿಯುವ ಹುಡುಗನು ಇಂಥದೊಂದು ಸುದ್ದಿಯನ್ನು ತಂದಾಗ ಅವನನ್ನು ಗದರಿಸಿ ಕಳುಹಿಸದೆ, ಅವನ ಜೊತೆಯಲ್ಲಿ ಠಾಣೆಯವರೆಗೆ ನಡೆದುಹೋಗುವುದು ಮಾಲೀಕನ ಧರ್ಮ. ಅರ್ಧ ದಿನದ ವ್ಯಾಪಾರ ಹೋದರೆ ಹೋಗಲಿ. ಗುಮಾಸ್ತ ಬಂಧುಗಳು ನಾಲ್ಕು ಸಾಲಿನ ತಿಳಿವಳಿಕೆ ಪತ್ರವನ್ನು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಬರೆದುಕೊಟ್ಟರೆ ಅದೂ ದೊಡ್ಡ ಉಪಕಾರವೇ.

ನಮ್ಮ ಕಚೇರಿಗೆ ಬಂದ ತರುಣನ ವಿಷಯದಲ್ಲಿ ಇಷ್ಟಾದರೂ ನಡೆಯಿತೆಂಬುದು ಸಮಾಧಾನ. ಅವನ ಮಾಲೀಕರಿಗೆ ನಾವು ಫೋನು ಮಾಡಿದೆವು. ಅವರು ಅವನೊಡನೆ ಠಾಣೆಗೆ ಹೋದರು. ಪೋಲೀಸರು ಬಂದು ಆ ಚೂರನ್ನು ಪರೀಕ್ಷೆಗೆಂದು ಒಯ್ದರು. ಗುಂಪುಗಳಲ್ಲಿ ಹರಿಯಬಿಟ್ಟ ಚಿತ್ರವನ್ನು ಅವನು ನಮ್ಮ ಎದುರಿನಲ್ಲಿಯೇ ಅಳಿಸಿ, "ಇದು ಏನೆಂದು ಇನ್ನೂ ಗೊತ್ತಿಲ್ಲ" ಎಂದು ಬರೆದನು. ಆ ಒಂದು ಸಾಲನ್ನು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಪರೀಕ್ಷೆಯ ಫಲಿತಾಂಶ ಬಂದ ದಿನ ನಾವು ಇದೇ ಪತ್ರಿಕೆಯಲ್ಲಿ ತಿಳಿಸುತ್ತೇವೆ. ಅಲ್ಲಿಯವರೆಗೆ ಅದು ಮಗುವಲ್ಲ, ಆಡಲ್ಲ, ತೆಂಗಿನ ಚಿಪ್ಪೂ ಅಲ್ಲ. ಕಡಲದಂಡೆಯಲ್ಲಿ ಸಿಕ್ಕಿದ ಒಂದು ಚೂರು, ಅಷ್ಟೆ. ಬಾಗಲಕೋಟೆಯ ಆ ಹುಡುಗನು ಇಂದು ಎಲ್ಲಿದ್ದಾನೋ ತಿಳಿಯದು. ಈ ಪತ್ರಿಕೆಯು ಎಂದಾದರೂ ಅವನ ಕೈಗೆ ಬಿದ್ದರೆ, ಅವನು ಅಂದು ಹೇಳಿದ್ದೇ ಸರಿಯೆಂದು ಅಚ್ಚಿನಲ್ಲಿ ಒಪ್ಪಿಕೊಂಡಿದ್ದೇವೆಂದು ಅವನಿಗೆ ತಿಳಿಯಲಿ.